ಕೌದಿ ಹೊದ್ದ ಫ್ರಿಜ್ಜು

ಕಲಬುರಗಿ, ಮೂರನೆಯ ನೆರಳೋಣಿ
ಇಸವಿ ೨೧೬೩, ಹಿಂಬೇಸಿಗೆಯ ಎರಡನೆಯ ಪಕ್ಷ, ನೆರಳು ಮೊಳದುದ್ದ ಇರುವ ಹೊತ್ತು

ಈ ಫ್ರಿಜ್ಜನ್ನು ಅಂಗಡಿಯಿಂದ ಮೊದಲ ಸಲ ಮನೆಗೆ ತಂದ ಹಿರಿಯರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಫ್ರಿಜ್ಜೂ ಈಗ ಕ್ಷೇಮ.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದವನ್ನು ಬದಿಗಿಡಬೇಡಿ. ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ನೀವು ಹೊಸದಾಗಿ ಮದುವೆಯಾದ ಜೋಡಿಯೋ, ನಿವೃತ್ತರಾದ ಮೇಷ್ಟರೋ, ಅದೂ ತಿಳಿಯದು. ಎಷ್ಟೋ ಕೈ ದಾಟಿ, ಎಷ್ಟೋ ಮನೆ ಬದಲಿಸಿ ನಿಮ್ಮ ಪೆಟ್ಟಿಗೆ ನಮ್ಮಲ್ಲಿಗೆ ಬಂದಿದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅಂಥವು ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂದುಹಿಂದಕ್ಕೆ ನಡೆದು ನಿಮ್ಮ ಕೈಗೆ ಹೇಗೆ ಸೇರುತ್ತದೆ ಎಂದು ಮಾತ್ರ ಕೇಳಬೇಡಿ. ನಮ್ಮಲ್ಲಿ ಮುಂದಕ್ಕೆ ಹೋಗುವ ಅಂಚೆಯೇ ಹೇಳಿದ ದಿನ ಹೋಗುವುದಿಲ್ಲ.

ನಿಮ್ಮ ಫ್ರಿಜ್ಜಿನ ಒಳಗಿನದು ಬಹುತೇಕ ಬದಲಾಗಿದೆ. ಕಂಪ್ರೆಸರು ಹಲವು ಸಲ ಹೊಸದಾಗಿದೆ, ಗ್ಯಾಸು ನಿಮ್ಮ ಕಾಲದ್ದಲ್ಲ, ಬಾಗಿಲಿನ ರಬ್ಬರನ್ನು ನಾವೇ ಓಣಿಯಲ್ಲಿ ಎರಕ ಹೊಯ್ದುಕೊಳ್ಳುತ್ತೇವೆ. ಆದರೆ ಹೊರಮೈ ನಿಮ್ಮದೇ. ಮೇಲಿನ ಖಾನೆಯಲ್ಲಿ ತಾನೇ ನೀರು ತುಂಬಿಕೊಂಡು, ತಾನೇ ಹೆಪ್ಪುಗಟ್ಟಿಸಿ, ಡಬ್ಬಿಗೆ ಮಂಜುಗಡ್ಡೆ ಉದುರಿಸುವ ಯಂತ್ರವೂ ನಿಮ್ಮದೇ. ಬಾಗಿಲಿನ ಕೆಳಭಾಗ ನೆಗ್ಗಿ ಒಂದು ತಗ್ಗು ಬಿದ್ದಿದೆ. ಅದು ನಿಮ್ಮ ಮಕ್ಕಳ ಕೆಲಸವಿರಬೇಕೆಂದು ನಮ್ಮ ಮನೆಯವರ ಅನುಮಾನ. ಅದನ್ನು ಸರಿಪಡಿಸಲು ನಾನು ಯಾರಿಗೂ ಬಿಟ್ಟಿಲ್ಲ.

ನಮ್ಮ ಕಾಲ ಹಾಳಾಗಿ ಹೋಗಿದೆ ಎಂದು ಮರುಗಬೇಡಿ. ಬಿಸಿಲು ಹೆಚ್ಚಿದೆ, ನಿಜ. ಮಳೆ ಮುಗಿದ ಮೇಲೆ ಬೇಸಿಗೆ ಇನ್ನೊಂದು ಸಲ ತಿರುಗಿ ಬರುತ್ತದೆ, ಅದನ್ನೇ ಹಿಂಬೇಸಿಗೆ ಎನ್ನುತ್ತೇವೆ. ಆದರೆ ನಾವೂ ಸುಮ್ಮನೆ ಕೈಕಟ್ಟಿ ಕೂತಿಲ್ಲ. ಎರಡು ಸಾಲು ಮನೆಗಳ ನಡುವೆ ಒಂದು ಬಗೆಯ ಬಟ್ಟೆಯ ಚಪ್ಪರ ಹಾಕಿಕೊಂಡಿದ್ದೇವೆ, ಬಿಸಿಲು ಬಿದ್ದರೆ ಅದೇ ಕರೆಂಟು ಕೊಡುತ್ತದೆ. ಹಾಗಾಗಿ ಇವು ನೆರಳೋಣಿಗಳು. ಚಪ್ಪರದ ಕೆಳಗೆ ಬದುಕೆಲ್ಲ ನಡೆಯುತ್ತದೆ: ರೊಟ್ಟಿ ಬಡಿಯುವುದು, ಮಕ್ಕಳ ಪಾಠ, ಜಗಳ, ಜಗಳ ಬಿಡಿಸುವುದು. ಬಾವಿಗಳಲ್ಲಿ ನೀರಿದೆ, ಬೇವು ಮನೆ ಎತ್ತರ ಮೀರಿ ಬೆಳೆದಿದೆ. ಎಲ್ಲರ ಮನೆಯಲ್ಲೂ ಫ್ರಿಜ್ಜು ಇಡುವಷ್ಟು ಕರೆಂಟು ಮಾತ್ರ ಇಲ್ಲ, ಓಣಿಗೆ ಒಂದೇ. ಅದು ಯಾರ ಮನೆಯಲ್ಲಿದೆಯೋ ಅವರು ಗಡ್ಡೆಯನ್ನು ಮನೆಮನೆಗೆ ಹಂಚಬೇಕು. ಇದಕ್ಕೆ ತಂಪುಪಾಲು ಎಂದು ಹೆಸರು. ಮೊದಲು ಬಸುರಿ ಬಾಣಂತಿಯರಿಗೆ, ಆಮೇಲೆ ಮುದುಕರಿಗೆ, ಆಮೇಲೆ ಮಕ್ಕಳಿಗೆ. ಹಂಚಿ ಉಳಿದರೆ ನಮ್ಮ ಶರಬತ್ತಿಗೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಮಾನ್ಯವಾಗಿ ಇಲ್ಲ.

ಈ ಸಲ ಪಾಲಿನಲ್ಲಿ ಮೊದಲ ಹೆಸರು ನನ್ನ ಮಗಳು ಭಾಗೀರಥಿಯದೇ. ಚೊಚ್ಚಲ ಬಸುರಿ, ದಿನ ತುಂಬಿತ್ತು. ಹಿಂಬೇಸಿಗೆಯಲ್ಲಿ ಹೆರಿಗೆ ಎಂದರೆ ನಮಗೆ ಎದೆ ನಡುಗುತ್ತದೆ. ಬೇನೆ ತಿನ್ನುವ ಮೈಗೆ ಹೊರಗಿನ ಕಾವೂ ಸೇರಿದರೆ ತಾಯಿಗೆ ಬಿಸಿಲುಬೇನೆ ಹತ್ತುತ್ತದೆ. ಹೋದ ವರ್ಷ ಪಕ್ಕದ ಓಣಿಯ ಹುಡುಗಿಯೊಬ್ಬಳು ಹಾಗೆಯೇ ಹೋದಳು, ಆ ಮನೆಯವರ ಮುಖ ನೋಡಲು ನನಗೆ ಇಂದಿಗೂ ಆಗುವುದಿಲ್ಲ. ಅದಕ್ಕೇ ಸೂಲಗಿತ್ತಿ ಮೆಹಬೂಬಿ ಹೆರಿಗೆ ಕೋಣೆಯಲ್ಲಿ ಗಡ್ಡೆ ತುಂಬಿದ ಬುಟ್ಟಿಗಳನ್ನು ಇಟ್ಟು, ಫ್ಯಾನು ಹಚ್ಚಿ, ಕೋಣೆ ತಣ್ಣಗಾದ ಮೇಲೆಯೇ ಕೈಗೆ ಎಣ್ಣೆ ಹಚ್ಚಿಕೊಳ್ಳುವುದು. "ಬರ್ಫ್ ಇಲ್ಲಂದ್ರ ನನ್ನ ಕರೀಬ್ಯಾಡ್ರಿ ನೀಲಗಂಗಕ್ಕ, ನನ್ನ ಕೈ ನಡೆಂಗಿಲ್ಲ" ಎಂದು ಅವಳು ಮೊದಲೇ ಹೇಳಿ ಹೋಗಿದ್ದಳು. ಸರಿಯಾಗಿ ಅದೇ ವಾರ ನಿಮ್ಮ ಯಂತ್ರ ಗಡ್ಡೆ ಉದುರಿಸುವುದನ್ನು ನಿಲ್ಲಿಸಿತು.

ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಡಬ್ಬಿಯ ಮೇಲೊಂದು ತಂತಿಯ ತೋಳಿದೆಯಲ್ಲ, ಗಡ್ಡೆ ತುಂಬಿದಾಗ ಮೇಲೆದ್ದು ಸಾಕು ಎನ್ನುವುದು, ಅದು ಎಲ್ಲಾದರೂ ಎದ್ದು ನಿಂತಿದೆಯೇ ನೋಡಿದೆ. ಕೆಳಗೇ ಇತ್ತು. ನಮ್ಮೂರಿನ ನೀರು ಸುಣ್ಣದ ನೀರು, ಹೊಕ್ಕಲ್ಲೆಲ್ಲ ಬಿಳಿ ಪದರು ಕಟ್ಟುತ್ತದೆ. ಫಿಲ್ಟರು ಬದಲಿಸಿ, ನೀರು ಬಿಡುವ ವಾಲ್ವನ್ನು ಬಿಚ್ಚಿ ನಿಂಬೆಹುಳಿಯಲ್ಲಿ ನೆನೆಸಿ ತೊಳೆದೆ. ಸಣ್ಣ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ ಕೂತಿರಬಹುದೆಂದು ಕರೆಂಟು ತೆಗೆದು ಬಿಸಿಬಟ್ಟೆ ಹಿಡಿದೆ. ಬಾಗಿಲಿನ ಸಂದಿಯಲ್ಲಿ ಕಾಗದದ ಚೂರಿಟ್ಟು ಎಳೆದೆ, ರಬ್ಬರು ಬಿಗಿಯಾಗಿ ಹಿಡಿದುಕೊಂಡಿತು. ಯಾವುದರಲ್ಲೂ ತಪ್ಪಿಲ್ಲ. ಅಚ್ಚಿನಲ್ಲಿ ನೀರಿತ್ತು, ಮೇಲೆ ತೆಳ್ಳಗೆ ಹರಳೂ ಕಟ್ಟಿತ್ತು, ಆದರೆ ಗಡ್ಡೆ ಬೀಳುತ್ತಿರಲಿಲ್ಲ. ಅದರ ಮುಂದೆ ಕೂತು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಈಗ ಕೌದಿಯ ವಿಷಯ ಹೇಳಬೇಕು, ಅದು ಯಂತ್ರ ನಿಲ್ಲುವುದಕ್ಕೂ ಕೆಲವು ದಿನ ಹಿಂದಿನದು. ನಮ್ಮಲ್ಲಿ ಗಡ್ಡೆಯನ್ನು ಮನೆಮನೆಗೆ ಒಯ್ಯುವುದು ಕೌದಿಯಲ್ಲಿ ಸುತ್ತಿ. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಈ ಹೊದಿಕೆಯ ಪದರು ಎಷ್ಟು ದಪ್ಪವಿರುತ್ತದೆಂದರೆ ಓಣಿಯ ಕೊನೆ ಮುಟ್ಟಿದರೂ ಗಡ್ಡೆಯ ಮೂಲೆ ಸವೆದಿರುವುದಿಲ್ಲ. ನನ್ನ ಅತ್ತೆ ಬಸಲಿಂಗಮ್ಮ ಇದನ್ನು ವರ್ಷಗಟ್ಟಲೆ ನೋಡಿ ತಮ್ಮದೇ ಒಂದು ಲೆಕ್ಕ ಹಾಕಿದ್ದರು. "ಗಡ್ಡೀನ ಕೌದ್ಯಾಗ ಹಾಕಿದ್ರ ಕರಗಂಗಿಲ್ಲ. ಹಂಗಾರ ಗಡ್ಡಿ ಹಡಿಯೂ ಪೆಟಗಿಗೊಂದು ಕೌದಿ ಬ್ಯಾಡೇನು?" ಎಂದರು. ಮಾತು ಎಲ್ಲರಿಗೂ ಸರಿ ಎನಿಸಿತು. ಮೊಮ್ಮಗಳ ಹೆರಿಗೆಗೆ ಪೆಟ್ಟಿಗೆ ಗಟ್ಟಿಯಾಗಿರಲಿ ಎಂದು ಓಣಿಯ ಹೆಂಗಸರೆಲ್ಲ ಸೀರೆಯ ತುಂಡು ಕೊಟ್ಟರು, ಒಂದೊಂದು ಸಾಲು ಹೊಲಿದರು. ಕೆಂಪು ಅಂಚಿನ ಆ ಕೌದಿಯನ್ನು ಫ್ರಿಜ್ಜಿನ ಎರಡೂ ಪಕ್ಕಕ್ಕೆ, ಬೆನ್ನಿಗೆ, ನೆತ್ತಿಗೆ ಹೊಚ್ಚಿ, ಬಾಗಿಲು ಮಾತ್ರ ಬಿಟ್ಟು ಲಾಡಿ ಕಟ್ಟಿದೆವು. ಮದುಮಗಳ ಹಾಗೆ ಕಾಣುತ್ತಿತ್ತು. ಕೆಲವು ದಿನಗಳಲ್ಲಿ ಗಡ್ಡೆ ಕಡಿಮೆಯಾಗತೊಡಗಿದಾಗ ಬಿಸಿಲು ಏರಿತೆಂದು ಎಲ್ಲರೂ ಬಿಸಿಲನ್ನು ಬೈದರು. ಅತ್ತೆ ಲಾಡಿಯನ್ನು ಇನ್ನಷ್ಟು ಬಿಗಿದರು.

ಗುಟ್ಟು ಒಡೆದದ್ದು ಭಾಗೀರಥಿಯಿಂದ. ಸೊಂಟ ನೋವೆಂದು ನೆಲಕ್ಕೆ ಕೂತವಳು ಏಳಲು ಆಸರೆ ಹುಡುಕಿ ಕೌದಿಯ ಕೆಳಗೆ ಕೈ ತೂರಿಸಿ ಫ್ರಿಜ್ಜಿನ ಪಕ್ಕೆ ಹಿಡಿದಳು. ಹಿಡಿದವಳು ಹಾಗೆಯೇ ನಿಂತಳು.

"ಅವ್ವಾ, ಇಲ್ಲಿ ಬಾ. ಇದಕ್ಕ ಜ್ವರ ಬಂದದ ನೋಡು."

ಕೈಯಿಟ್ಟೆ. ಹೆಂಚಿನ ಹಾಗೆ ಸುಡುತ್ತಿತ್ತು. ಆಗ ನನಗೆ ಹೊಳೆಯಿತು. ಪೆಟ್ಟಿಗೆ ತಂಪನ್ನು ಎಲ್ಲಿಂದಲೋ ತರುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ತಂದು ತನ್ನ ಪಕ್ಕೆ, ಬೆನ್ನುಗಳಿಂದ ಹೊರಗೆ ಚೆಲ್ಲುತ್ತದೆ, ಅದರ ಕೆಲಸ ಅಷ್ಟೇ. ಚೆಲ್ಲುವ ದಾರಿಯನ್ನೇ ನಾವು ಹೊಲಿದು ಮುಚ್ಚಿದ್ದೆವು. ಗಡ್ಡೆಯ ಯಂತ್ರವೂ ಹಟದ್ದು, ಅಚ್ಚು ಕೊರೆಯುವಷ್ಟು ತಣ್ಣಗಾಗುವವರೆಗೆ ಒಂದು ತುಂಡನ್ನೂ ಬಿಡುವುದಿಲ್ಲ. ಅದು ಕೆಟ್ಟಿರಲಿಲ್ಲ, ಕಾಯುತ್ತಿತ್ತು.

ಅತ್ತೆಗೆ ಹೇಳುವುದು ಹೇಗೆಂದು ನಾನು ತಡವರಿಸುತ್ತಿದ್ದರೆ ಅವರೇ ಬಂದು ಕೈಯಿಟ್ಟು ನೋಡಿದರು. ಮುಖ ಸಣ್ಣದಾಯಿತು. "ಹಂಗಾರ ನನ್ನ ಕೌದಿದೇ ತಪ್ಪೇನು?" ಎಂದರು.

"ತಪ್ಪಲ್ಲ ಆಯಿ," ಎಂದಳು ಭಾಗೀರಥಿ, "ಮಾಯಾ ಮಮತಾ ಜಾಸ್ತಿ ಆಗ್ಯಾದ ಅಷ್ಟೇ. ನನಗೂ ನೀ ಹಂಗೇ ತಿನಸ್ತಿ ನೋಡು."

ಅತ್ತೆ ನಕ್ಕುಬಿಟ್ಟರು. ತಾವೇ ಲಾಡಿ ಬಿಚ್ಚಿದರು. ನಾವು ಕರೆಂಟು ತೆಗೆದು ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆ ಎಳೆದೆವು. ಬೆನ್ನಿನ ಕೊಳವೆಗಳ ಮೇಲೆ ಧೂಳು ನೂಲಿನ ಹಾಗೆ ಸುತ್ತಿಕೊಂಡಿತ್ತು, ಅದನ್ನೆಲ್ಲ ಮೆತ್ತನೆಯ ಬ್ರಶ್ಶಿನಿಂದ ತೆಗೆದು, ಗಾಳಿಯಾಡಲು ಗೇಣು ಜಾಗ ಬಿಟ್ಟು ನಿಲ್ಲಿಸಿದೆವು. ಮತ್ತೆ ಕರೆಂಟು ಹಚ್ಚಿ ಕಾಯುತ್ತ ಕೂತೆವು. ಅವತ್ತು ಏನೂ ಆಗಲಿಲ್ಲ. ಮರುದಿನ ಹೊತ್ತೇರುವಾಗ ಭಾಗೀರಥಿಗೆ ಬೇನೆ ಶುರುವಾಯಿತು. ಮೆಹಬೂಬಿಗೆ ಹೇಳಿ ಕಳಿಸುವುದೋ ಬೇಡವೋ ಎಂದು ನಾನು ಹೊಸ್ತಿಲಲ್ಲಿ ನಿಂತಿದ್ದಾಗ ಒಳಗೆ ಡಬ್ಬಿಯಲ್ಲಿ ಗಡಗಡ ಸದ್ದಾಯಿತು. ಅಷ್ಟು ಸಂತೋಷದ ಸದ್ದನ್ನು ನಾನು ಎಂದೂ ಕೇಳಿಲ್ಲ. ಕೂಡಲೇ ಮೆಹಬೂಬಿಗೆ ಹೇಳಿ ಕಳಿಸಿದೆ. ಅತ್ತೆ ಮೊದಲ ಗಡ್ಡೆಗಳನ್ನು ಅದೇ ಕೌದಿಯಲ್ಲಿ ಸುತ್ತಿಕೊಂಡು, ತಮ್ಮ ವಯಸ್ಸನ್ನೂ ಮರೆತು, ಹೆರಿಗೆ ಕೋಣೆಗೆ ಓಡಿದರು. ಸಂಜೆ ಚಪ್ಪರದ ಬಟ್ಟೆ ಸುರುಳಿ ಸುತ್ತುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ತಾಯಿಯ ಮೈ ತಣ್ಣಗಿತ್ತು. ಇನ್ನೂ ಹೆಸರಿಟ್ಟಿಲ್ಲ, ಓಣಿಯಲ್ಲಿ ಮನೆಗೊಂದು ಹೆಸರು ಹೇಳಿ ತಲೆ ತಿನ್ನುತ್ತಿದ್ದಾರೆ.

ಇನ್ನು ನನ್ನ ಕೋರಿಕೆ. ನೀವು ಈ ಪೆಟ್ಟಿಗೆಯನ್ನು ಎಸೆಯಲಿಲ್ಲ ಎಂಬುದು ನನಗೆ ಗೊತ್ತು. ಎಸೆದಿದ್ದರೆ ನಾನೀಗ ಯಾವುದರ ಪಕ್ಕ ಕೂತು ಬರೆಯುತ್ತಿದ್ದೆ? ಆದರೂ ಆ ದಿನಗಳಿಂದ ಮನಸ್ಸಿಗೆ ಹೆದರಿಕೆ ಹೊಕ್ಕಿದೆ, ಬರೆದರೇ ಸಮಾಧಾನ. ಒಂದು ದಿನ ನಿಮ್ಮಲ್ಲೂ ಗಡ್ಡೆ ನಿಲ್ಲುತ್ತದೆ. ಮನೆಯಲ್ಲಿ ಯಾರೋ ಇದು ಹಳೆಯದಾಯಿತು, ಹೊಸದು ತರೋಣ ಎನ್ನುತ್ತಾರೆ. ಗುಜರಿಯವರ ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಆಗ ಅವರಿಗೆ ಕುಡಿಯಲು ನೀರು ಕೊಟ್ಟು ಸ್ವಲ್ಪ ಕೂರಿಸಿ. ಫ್ರಿಜ್ಜನ್ನು ಗೋಡೆಯಿಂದ ಎಳೆದು, ಧೂಳು ತೆಗೆದು, ಒಂದು ದಿನ ಸಮಾಧಾನದಿಂದ ಕಾದು ನೋಡಿ. ಗುಜರಿಯವರು ಅವಸರ ಮಾಡಿದರೆ, ಇದನ್ನು ಕೊಡಲಾಗುವುದಿಲ್ಲ, ನಮ್ಮ ಮನೆಗೆ ಇನ್ನೂ ಒಂದು ಕೂಸು ಬರುವುದಿದೆ ಎಂದು ಹೇಳಿಬಿಡಿ.