ನಿರಿಗೆಯಂತೆ ಮಡಚಿದ ಕಾಗದ

ಬರನೊವಿಚಿ, ಆಗಸ್ಟ್ ೧೪

ನನ್ನ ತಾಸ್ಯಾ,

ಪೊಟ್ಟಣದಲ್ಲಿ ಉಣ್ಣೆಯ ಕಾಲುಚೀಲ, ಬ್ರಷ್, ಸೇಬು ಇವೆ. ಚೀಸ್ ಹೆಚ್ಚಿಯೇ ಕೊಡಬೇಕೆಂಬುದು ಜೈಲಿನ ನಿಯಮವಂತೆ, ಹೆಚ್ಚಿದ್ದೇನೆ.

ನಿನ್ನೆ ಜೈಲಿನ ಮುಂದೆ ನಾಲ್ಕು ಗಂಟೆ ಸಾಲಿನಲ್ಲಿ ನಿಂತರೂ ನನ್ನ ಸರದಿ ಬರುವಷ್ಟರಲ್ಲಿ ಪೊಟ್ಟಣ ತೆಗೆದುಕೊಳ್ಳುವ ಕಿಟಕಿ ಮುಚ್ಚಿತು. ಪಕ್ಕದಲ್ಲಿದ್ದ ಜಿನೈದಾ ಎಂಬಾಕೆ, "ನನ್ನ ಅಳಿಯಂಗೆ ಹದಿನೈದು ದಿನ ಜೈಲು ಕಣಮ್ಮಾ. ಮನೇಲಿ ಅವನಿಗೊಂದು ಲೋಟ ಟೀ ಕೊಟ್ಟೋಳಲ್ಲ ನಾನು. ಈಗ ನೋಡು, ಅವನ ಚಡ್ಡಿ ಹಿಡ್ಕೊಂಡು ನಿಂತಿದೀನಿ!" ಎಂದಳು. ಎಲ್ಲರೂ ನಕ್ಕೆವು. "ನೀವೇನ್ ಕೆಲಸ ಮಾಡ್ತೀರಿ?" ಎಂದು ಕೇಳಿದಳು. ಸ್ಕೂಲ್ ಟೀಚರ್ ಎಂದೆ. ಆಕೆ ನನ್ನತ್ತ ಬೆನ್ನು ಮಾಡಿ ನಿಂತಳು. ಮತ ಎಣಿಸಿದವರು ಟೀಚರುಗಳೇ ಎಂದು ಎಲ್ಲರಿಗೂ ಗೊತ್ತು.

ದೇಶದ ಅಧ್ಯಕ್ಷರ ಚುನಾವಣೆಯ ಮರುದಿನ ನೀನೂ ಕೇಳಿದ್ದೆ, "ಅಮ್ಮಾ, ನೀನೇ ಎಣಿಸಿದ್ಯಾ?" ಎಂದು. "ಸೂಪ್ ಆರೋಗುತ್ತೆ, ಕುಡಿ" ಎಂದಿದ್ದೆ. ನೀನು ಕುಡಿಯದೆ ಪ್ರತಿಭಟನೆಯ ಮೆರವಣಿಗೆಗೆ ಹೋದೆ, ಅಲ್ಲೇ ನಿನ್ನನ್ನು ಹಿಡಿದರು.

ಹೌದು ಮಗಳೇ, ನಮ್ಮ ಶಾಲೆಯ ಮತಗಟ್ಟೆಯಲ್ಲಿ ನಾನೇ ಎಣಿಸಿದೆ. ಬದಲಾವಣೆ ಬೇಕೆಂದ ನೀವೆಲ್ಲ ಮತಚೀಟಿಯನ್ನು ನಿರಿಗೆಯಂತೆ ಮಡಚಿ ಹಾಕಿದ್ದಿರಿ. ಪಾರದರ್ಶಕ ಪೆಟ್ಟಿಗೆಯ ಹೊರಗಿನಿಂದಲೇ ಕಾಣುತ್ತಿತ್ತು, ಅರ್ಧಕ್ಕಿಂತ ಹೆಚ್ಚು. ಆದರೂ ಹಳೆಯ ಅಧ್ಯಕ್ಷರೇ ಗೆದ್ದರೆಂದು ಹೆಡ್‌ಮಾಸ್ಟರ್ ಮೊದಲೇ ಬರೆದಿಟ್ಟಿದ್ದ ಲೆಕ್ಕಕ್ಕೆ ಸಹಿ ಹಾಕಿದೆ.

ಇವತ್ತು ಬೆಳಿಗ್ಗೆ ನಿಜವಾದ ಲೆಕ್ಕ ಬರೆದು, ಸಹಿ ಹಾಕಿ, ಶಾಲೆಯ ಬಾಗಿಲಿಗೆ ಅಂಟಿಸಿ ಬಂದೆ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದರೂ ನನ್ನನ್ನು ಕರೆಯಲಾರರು. ಒಳ್ಳೆಯದೇ ಆಯಿತು, ನೀನು ಹೊರಗೆ ಬರುವ ದಿನ ರಜೆ ಕೇಳಬೇಕಾಗಿಲ್ಲ.

ಸೆಲ್ಲಿನ ನೆಲ ತಣ್ಣಗಿರುತ್ತದೆ, ಕಾಲುಚೀಲ ಹಾಕಿಕೋ. ಈ ಕಾಗದವನ್ನು ಕಾವಲಿನವರು ಬಿಚ್ಚಿ ಓದಿಯೇ ಕೊಡುತ್ತಾರೆ. ಆದರೂ ಮಡಿಕೆಯ ಗುರುತು ಉಳಿದಿರುತ್ತದೆ. ಬೆರಳಾಡಿಸಿ ನೋಡು.

ನಿನ್ನ ಅಮ್ಮ,
ಸ್ತೆಫಾನಿಯಾ