ಕೇಳದ ಜಾಗ ಖಾಲಿ ಬಿಡಿ

ಮಿರಜ
ಭಾನುವಾರ, ೯ ನವೆಂಬರ್ ೨೦೨೫

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ಶೀತಲಳ ಜಯ ಜಿನೇಂದ್ರ. ಮೊಳಕಾಲು ಹೇಗಿದೆ? ಎಣ್ಣೆಯನ್ನು ಎರಡು ಹೊತ್ತು ತಿಕ್ಕುತ್ತೀರೋ, ಇಲ್ಲ ಬಾಟಲಿಯನ್ನು ಮಂಗಲಕ್ಕನ ಕಪಾಟಿನಲ್ಲಿಟ್ಟು ದಿನಾ ಅದರ ಮುಖ ನೋಡುತ್ತೀರೋ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳಲು ನಾಚಿಕೆ ಬೇಡ, ಸೀರೆಯ ಒಳಗಿರುವುದು ಯಾರಿಗೂ ಕಾಣುವುದಿಲ್ಲ. ಸಲಗರೆಯಲ್ಲಿ ಈಗ ಬೆಳಗಿನ ಚಳಿ ಜೋರಿರಬೇಕು. ಎಮ್ಮೆ ಕಟ್ಟುವ ನೆಪದಲ್ಲಿ ಬರಿಗಾಲಲ್ಲಿ ಹೊರಗೆ ಹೋಗಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ಅಂದರೆ, ನಿಮ್ಮ ಮಗ ತಾವು ಕ್ಷೇಮವೆಂದು ಹೇಳುತ್ತಾರೆ. ನಿಮ್ಮ ಮೊಮ್ಮಗಳು ಸೋನಲ ಮೊಬೈಲಿನಿಂದ ತಲೆ ಎತ್ತಿದ ದಿನ ಅವಳನ್ನೂ ಕೇಳಿ ತಿಳಿಸುತ್ತೇನೆ. ಬಸದಿಯ ಪಾವಟಿಗೆಯ ಮೇಲೆ ಹೂ ಮಾರುವ ಗುರುಶಾಂತವ್ವ ನಿಮ್ಮನ್ನು ಬಹಳ ಕೇಳಿದಳು. "ಸರುಬಾಯಾರು ಈಗೀಗ ಅರ್ಧಾ ಏರಿ ನನ್ನ ಬಾಜೂಕ ಕುಂತು ಮುಂದ ಹೋಗ್ತಿದ್ರು, ನನಗ ಬ್ಯಾಸರಾ ಆಗೇತ್ರಿ" ಅಂದಳು. ದೇವರಿಗಿಂತ ಹೂವಿನವಳೇ ನಿಮಗೆ ಹತ್ತಿರವಾದಳೆಂದು ನಾನು ನಕ್ಕು ಬಂದೆ.

ಒಂದು ತಾಸಿನ ಬಸ್ಸಿನ ದಾರಿಗೆ ಪತ್ರ ಬರೆಯುವ ಸೊಸೆ ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನ್ ಮಾಡಿದರೆ ಮಂಗಲಕ್ಕ "ಅವ್ವ ಮಲಗ್ಯಾಳ" ಅನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದೀರಿ, ಸಂಜೆ ಐದಕ್ಕೂ ಮಲಗಿದ್ದೀರಿ, ಹಿಂದಿನಿಂದ ನೀವು ಎಮ್ಮೆಯನ್ನು ಬೈಯುವುದು ಮಾತ್ರ ನನಗೆ ಸ್ವಚ್ಛ ಕೇಳಿಸುತ್ತದೆ. ಈ ಕಿವಿಗೆ ಆರು ತಿಂಗಳ ತರಬೇತಿ ಆಗಿದೆ, ಮರೆಯಬೇಡಿ. ಹೋದ ಭಾನುವಾರ ನಾನೇ ಬಂದೆನಲ್ಲ, ಬಂದು ಏನು ಮಾಡಿದೆ? ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಪರವಾಗಿ ನಾನೇ ಸಿಟ್ಟಾದೆ, ನಿಮ್ಮ ಪರವಾಗಿ ನಾನೇ ನನ್ನನ್ನು ಕ್ಷಮಿಸಿದೆ, ಚಹಾ ಕುಡಿದು ಬಸ್ಸು ಹತ್ತಿದೆ. ಅರ್ಧ ದಾರಿ ಬಂದ ಮೇಲೆ ನೆನಪಾಯಿತು, ನೀವು ಒಂದು ಮಾತೂ ಆಡಿರಲಿಲ್ಲ. ಅದಕ್ಕೇ ಈ ಕಾಗದ. ಕಾಗದದಲ್ಲಿ ನಾನು ನಿಮ್ಮ ಮಾತಿಗೆ ಅಡ್ಡ ಬರಲಾರೆ. ಅಲ್ಲದೆ ನಮ್ಮ ಮನೆತನದಲ್ಲಿ ಕನ್ನಡ ಓದುವವರು ಈಗ ನಾವಿಬ್ಬರೇ ಉಳಿದಿದ್ದೇವೆ. ನೀವು ನಾಲ್ಕನೆಯ ತರಗತಿಯವರೆಗೆ, ನಾನು ಬಿ.ಎ.ವರೆಗೆ. ಮಂಗಲಕ್ಕ ಈ ಕಾಗದವನ್ನು ಎಷ್ಟು ತಿರುಗಿಸಿ ನೋಡಿದರೂ ಗುಟ್ಟು ಹೊರಬೀಳುವುದಿಲ್ಲ.

ದೀಪಾವಳಿ ಪಾಡವೆಯ ದಿನ ಚೀಲ ಹಿಡಿದು, ಮಗಳ ಮನೆಗೆಂದು ಅಳಿಯನ ಮೋಟಾರ್ ಸೈಕಲ್ ಹತ್ತುವಾಗ ಓಣಿಗೆಲ್ಲ ಕೇಳುವ ಹಾಗೆ ನೀವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ನಾ ಅರ್ಧಾ ಹೇಳಿದ್ರ ಉಳದದ್ದು ಈಕಿನ ಹೇಳ್ತಾಳ. ಮತ್ತ ನಾ ಯಾಕ ಇರ್ಲಿ ಈ ಮನ್ಯಾಗ? ನನ್ನ ಬದ್ಲಿನೂ ಈಕಿನ ಇರ್ಲಿ." ಅತ್ತೆ, ಖರೆ ಹೇಳುತ್ತೇನೆ, ನನಗೂ ತಲೆ ಕೆಟ್ಟಿತ್ತು. ಇಪ್ಪತ್ತೆರಡು ವರ್ಷಗಳಿಂದ ನಿಮ್ಮ ಮಾತು ಮುಗಿಸಿಕೊಡುವುದನ್ನು ನಾನು ಸೇವೆ ಎಂದು ತಿಳಿದಿದ್ದೆ. ನೀವು "ಆ ಡಬ್ಬ್ಯಾಗಿನ" ಎನ್ನುವಷ್ಟರಲ್ಲಿ ಶೇಂಗಾ ಚಟ್ನಿ ನಿಮ್ಮ ತಾಟಿನಲ್ಲಿರುತ್ತಿತ್ತು. ನೀವು "ಮ್ಹೈಸಾಳದಾಗ ಒಮ್ಮೆ" ಎಂದು ಶುರು ಮಾಡಿದರೆ, ನಲವತ್ತು ಸಲ ಕೇಳಿದ ಕಥೆ, ನಾನೇ ಮುಗಿಸಿ, ಮೇಲೊಂದು ಪ್ರಾಸ ಕಟ್ಟಿ ಬೀಗರನ್ನು ನಗಿಸುತ್ತಿದ್ದೆ. ಭಾದ್ರಪದದಲ್ಲಿ ಡಾಕ್ಟರ ಹತ್ತಿರ ಹೋದಾಗಲೂ ಅಷ್ಟೆ. ಹೊರಗೆ ಮೂವತ್ತು ಜನ ಕಾದಿದ್ದರು. ಡಾಕ್ಟರು ಮರಾಠಿಯಲ್ಲಿ "ಕಾಯ ಹೋತಂಯ, ಆಜಿ?" ಎಂದು ಏನಾಗುತ್ತದೆಂದು ಕೇಳಿದರು. ನೀವು ಕನ್ನಡದಲ್ಲಿ, ಸಾವಕಾಶ, ಬಸದಿಯಿಂದ ಆರಂಭಿಸಿದಿರಿ. ನಾನು ನಡುವೆ ಬಾಯಿ ಹಾಕಿ ಮರಾಠಿಯಲ್ಲಿ ಎರಡೇ ಮಾತಿಗೆ ಮೊಳಕಾಲು ನೋವು ಎಂದು ಮುಗಿಸಿದೆ. ಐದು ನಿಮಿಷದಲ್ಲಿ ಎಕ್ಸ್‌ರೇ, ಗುಳಿಗೆ, ಎಣ್ಣೆ, ಪಟ್ಟಿ ಎಲ್ಲ ಆಗಿಹೋಯಿತು. ರಿಕ್ಷಾದಲ್ಲಿ ನೀವು "ಆತಲ್ಲ, ನೀ ಹೇಳಿದಿ" ಅಂದಿರಿ. ನಾನು ಅದನ್ನು ಶಾಬಾಸ್ಕಿ ಎಂದುಕೊಂಡೆ.

ಈಗ ನನ್ನ ವಿದ್ಯಾಭ್ಯಾಸದ ಕಥೆ ಕೇಳಿ, ಯಾಕೆಂದರೆ ನಾನು ಸಾಂಗಲಿಗೆ ಹೋಗಿ ಏನು ಕಲಿಯುತ್ತೇನೆಂದು ನಿಮಗೆ ಯಾರೂ ನೆಟ್ಟಗೆ ಹೇಳಿಲ್ಲ. ನಿಮ್ಮ ಮಗ ತಾವು ಅರಿಷಿಣ ಮಾರುವ ಹಳದಿ ಪೇಟೆಯಲ್ಲಿ "ಆಕಿ ಕಿವ್ಯಾಗ ಹಾಕ್ಕೊಂಡು ಹಾಡ ಕೇಳ್ಕೋತ ಕುಂದರ್ತಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಹಾಡಲ್ಲ. ಡಾಕ್ಟರರಿಗೆ ರೋಗಿಯನ್ನು ನೋಡಲು ಪುರುಸೊತ್ತಿದೆ, ನೋಡಿದ್ದನ್ನು ಬರೆಯಲು ಇಲ್ಲ. ಅದಕ್ಕೆ ಯಂತ್ರದ ಮುಂದೆ ಹೇಳಿ ಎದ್ದು ಹೋಗುತ್ತಾರೆ. ಅದನ್ನು ಕೇಳಿ, ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಟೈಪು ಮಾಡಿ ರೋಗಿಯ ಕಾಗದಪತ್ರಕ್ಕೆ ಸೇರಿಸುವುದು ನಮ್ಮ ಕೆಲಸ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಅದರ ಹೆಸರು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ರೋಗ ವಾಸಿಯಾಗಬೇಕು. ಕಾಲ ಕೆಳಗೆ ನಿಮ್ಮ ಹೊಲಿಗೆ ಮಶೀನಿನ ಹಾಗೆ ಒಂದು ಪೆಡಲ್ ಇರುತ್ತದೆ. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಇನ್ನೊಂದು ಬದಿ ಒತ್ತಿದರೆ ಆಡಿದ ಮಾತೇ ಹಿಂದಕ್ಕೆ ಬರುತ್ತದೆ. ಇಂಥದೊಂದು ನಮ್ಮ ಅಡುಗೆಮನೆಯಲ್ಲಿ ಇದ್ದಿದ್ದರೆ ನಾವಿಬ್ಬರೂ ಹೀಗೆ ಎರಡು ಊರಾಗುತ್ತಿರಲಿಲ್ಲ.

ಡಾಕ್ಟರರು ಮಾತಾಡುವ ರೀತಿಯಂತೂ ಕೇಳಬೇಡಿ. ಒಬ್ಬರು ವಡಾಪಾವ್ ತಿನ್ನುತ್ತ ಹೇಳುತ್ತಾರೆ, ಒಬ್ಬರು ನಡುವೆ ಡ್ರೈವರನನ್ನು ಬೈದು ಮತ್ತೆ ಕರುಳಿಗೆ ಬರುತ್ತಾರೆ, ಒಬ್ಬರ ಹಿಂದೆ ಫ್ಯಾನು ಕಬ್ಬಿನ ಗಾಣದ ಹಾಗೆ ಅರೆಯುತ್ತದೆ. ಶಬ್ದಗಳೋ, ಒಂದೂ ಇಂಗ್ಲಿಷಿನದಲ್ಲವಂತೆ, ಎಲ್ಲ ಗ್ರೀಕು, ಲ್ಯಾಟಿನ್. ಕನ್ನಡ ಶಾಲೆಯವಳಿಗೆ ಇಂಗ್ಲಿಷೇ ಗ್ರೀಕು. ಇನ್ನು ಗ್ರೀಕಿಗೆ ಏನು ಹೇಳಲಿ? ತರಗತಿಯಲ್ಲಿ ಉಳಿದವರೆಲ್ಲ ಸೋನಲಳ ವಯಸ್ಸಿನವರು, ನನ್ನನ್ನು ಮಾವಶಿ ಅನ್ನುತ್ತಾರೆ, ನಾನು ಬೋರ್ಡು ನೋಡಲು ಕನ್ನಡಕ ಹುಡುಕುವಷ್ಟರಲ್ಲಿ ಬರೆದು ಮುಗಿಸಿರುತ್ತಾರೆ. ಕೊನೆಗೆ ನನ್ನ ಹಳೆಯ ಚಟವೇ ಕೈ ಹಿಡಿಯಿತು: ಹೆಪಾಟೋ ಲಿವರು, ಪೈರೋ ಫೀವರು, ಡೆಂಟೋ ಹಲ್ಲು, ಲಿಥೋ ಕಲ್ಲು, ಗ್ಯಾಲಕ್ಟೋ ಹಾಲು, ಆರ್ಥ್ರೋ ಕೀಲು, ಡ್ಯಾಕ್ರಿಯೋ ಕಣ್ಣೀರು, ಹೈಡ್ರೋ ಬರೀ ನೀರು. ಹೀಗೆ ಮುನ್ನೂರು ಕಟ್ಟಿದೆ. ಪರಿಣಾಮ ಏನೆಂದರೆ ಪಕ್ಕದ ಮನೆಯ ರತ್ನಾಬಾಯಿ ನನ್ನನ್ನು ಅರ್ಧ ಡಾಕ್ಟರೆಂದು ನಂಬಿ ತಮ್ಮ ರಕ್ತದ ರಿಪೋರ್ಟನ್ನೂ, ತಮ್ಮ ಬೀಗಿತ್ತಿಯ ರಿಪೋರ್ಟನ್ನೂ ತಂದು, ಇಬ್ಬರಲ್ಲಿ ಯಾರದು ಕೆಟ್ಟದ್ದು ಎಂದು ಕೇಳಿದರು.

ಕೈ ಚುರುಕಿದೆ, ಅದರಲ್ಲಿ ಸಂಶಯವಿಲ್ಲ. ಹದಿನೈದು ವರ್ಷ ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ ಟೈಪು ಮಾಡಿದ ಕೈ. ಆದರೆ ಆ ಪ್ರೆಸ್ಸೇ ನನ್ನನ್ನು ಕೆಡಿಸಿತ್ತು. ಅಲ್ಲಿ ಗಂಡಿನ ಕಡೆಯವರು ಅರ್ಧ ಹೆಸರು ಹೇಳಿ ಹೋಗುತ್ತಿದ್ದರು, ಉಳಿದ ಕಾಕಾ, ಮಾವ, ಮೊಮ್ಮಕ್ಕಳನ್ನು ನಾನೇ ತುಂಬುತ್ತಿದ್ದೆ, ಕೆಳಗೆ ಎರಡು ಸಾಲಿನ ಪ್ರಾಸವೂ ನನ್ನದೇ. ಎಂದೂ ತಪ್ಪಾಗಲಿಲ್ಲ, ಇಲ್ಲವೇ ಯಾರೂ ಹೇಳಲಿಲ್ಲ. ಇಲ್ಲಿಯ ಮೊದಲ ಪರೀಕ್ಷೆಯಲ್ಲೂ ಹಾಗೇ ಮಾಡಿದೆ. ಡಾಕ್ಟರ ಮಾತು ಎಲ್ಲಿ ಕೇಳಿಸಲಿಲ್ಲವೋ ಅಲ್ಲಿ, ಇವರು ಇನ್ನೇನು ಹೇಳಿಯಾರು ಎಂದು ತುಂಬಿದೆ. ಒಂದು ಗೆರೆಯೂ ಖಾಲಿ ಇಲ್ಲ, ಲಗ್ನಪತ್ರಿಕೆಯಂತೆ ತುಂಬಿದ ಪುಟ. ನಪಾಸು. ಪ್ರಥಮೇಶ ಸರ್, ಇಪ್ಪತ್ತೆಂಟು ವರ್ಷದ ಮನುಷ್ಯ, ತಲೆಯ ಮೇಲೆ ಕೈ ಹೊತ್ತು "ತಾಈ, ಅಂದಾಜ ನಕೋ" ಅಂದರು. ಅಂದಾಜು ಬೇಡ. ಕೇಳದಿದ್ದರೆ ಖಾಲಿ ಬಿಡಿ, ಅಲ್ಲಿ ಗುರುತು ಹಾಕಿ, ಹೇಳಿದವರನ್ನೇ ಕೇಳಿ. ಖಾಲಿ ಬಿಟ್ಟರೆ ಅಂಕ ಹೋಗುವುದಿಲ್ಲ, ನೀವು ತುಂಬಿದರೆ ರೋಗಿ ಹೋಗುತ್ತಾನೆ. ಎರಡನೆಯ ಪರೀಕ್ಷೆಯಲ್ಲೂ ಎರಡು ಕಡೆ ಕೈ ತಡೆಯಲಿಲ್ಲ. ಮತ್ತೆ ನಪಾಸು. ಈಗ ಡಾಕ್ಟರ ಮಾತು ಕೇಳಿ ತಾನೇ ಬರೆಯುವ ಕಂಪ್ಯೂಟರೂ ಬಂದಿದೆ, ನಮ್ಮ ಕೆಲಸ ಅದರ ತಪ್ಪು ತಿದ್ದುವುದಂತೆ. ಅದನ್ನು ತೋರಿಸಿದರು. ಕೇಳಲಿ ಬಿಡಲಿ, ಅದು ಎಲ್ಲಿಯೂ ಖಾಲಿ ಬಿಡುವುದಿಲ್ಲ, ಎಲ್ಲವನ್ನೂ ಠಾಕುಠೀಕಾಗಿ ತುಂಬಿಬಿಡುತ್ತದೆ. "ಹೇ ಮಶೀನ ತುಮಚ್ಯಾಸಾರಖಂಚ ಆಹೇ, ತಾಈ," ಇದು ಥೇಟು ನಿಮ್ಮ ಹಾಗೇ ಇದೆ ಎಂದರು ಸರ್. ಇಡೀ ತರಗತಿ ನಕ್ಕಿತು. ನೀವು ಅಲ್ಲಿದ್ದರೆ ಅವರಿಗೆ ಪೇಢೆ ಹಂಚುತ್ತಿದ್ದಿರಿ.

ಮೂರನೆಯದು ಮೊನ್ನೆ ಗುರುವಾರ, ಕೊನೆಯ ಅವಕಾಶ. ಮಿರಜದ ಒಂದು ಆಸ್ಪತ್ರೆಯವರು ದಾಖಲೆ ವಿಭಾಗಕ್ಕೆ ಇಬ್ಬರನ್ನು ತೆಗೆದುಕೊಳ್ಳುವವರಿದ್ದರು. ಅರವತ್ತೆಂಟು ವರ್ಷದ ಒಬ್ಬ ಹೆಂಗಸಿನ ವರದಿ ಬಂತು. ಡಾಕ್ಟರು ಮೆಲ್ಲಗೆ ಹೇಳುತ್ತಿದ್ದರು, ರೋಗಿಗೆ ಮೆಟ್ಟಿಲು ಹತ್ತುವಾಗ ಎಂದರು, ಅಷ್ಟರಲ್ಲಿ ಯಾರೋ ಕುರ್ಚಿ ಎಳೆದರು, ಮುಂದಿನದು ಹೋಯಿತು. ಹನ್ನೊಂದು ಸಲ ಪೆಡಲ್ ಒತ್ತಿ ಹಿಂದಕ್ಕೆ ಬಂದೆ, ಹನ್ನೊಂದು ಸಲವೂ ಕುರ್ಚಿಯೇ. ಬೆರಳು ತಾನಾಗಿ ಮೊಳಕಾಲು ನೋವು ಎಂದು ಬರೆಯಲು ಹೊರಟಿತ್ತು. ಆ ವಯಸ್ಸು, ಆ ಮೆಟ್ಟಿಲು, ಇನ್ನೇನಿರುತ್ತದೆ? ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಜೀವಮಾನದಲ್ಲಿ ಮೊದಲ ಸಲ ಖಾಲಿ ಬಿಟ್ಟೆ. ಮಧ್ಯಾಹ್ನ ಸರ್ ಪೂರ್ತಿ ವರದಿ ತೋರಿಸಿದರು. ಆ ಜಾಗದಲ್ಲಿ ಮೊಳಕಾಲು ಇರಲಿಲ್ಲ. ಎದೆ ಬಿಗಿಯುವುದು, ಉಸಿರು ಸಾಲದಾಗುವುದು, ಐದು ನಿಮಿಷ ಕೂತರೆ ಇಳಿಯುವುದು ಎಂದಿತ್ತು. ನಾನು ಪಾಸಾದೆ, ಕೆಲಸವೂ ಸಿಕ್ಕಿತು. ಸರ್ ಪೇಢೆ ಕೊಟ್ಟರು. ಬಸ್ಸು ಮಿರಜ ಮುಟ್ಟುವ ತನಕ ಆ ಪೇಢೆ ನನ್ನ ಕೈಯಲ್ಲೇ ಇತ್ತು. ಯಾಕೆಂದು ಕೊನೆಗೆ ಬರೆಯುತ್ತೇನೆ, ಈಗಲೇ ಬರೆಯಲು ಧೈರ್ಯ ಸಾಲದು.

ಡಿಸೆಂಬರ್ ಒಂದರಿಂದ ಕೆಲಸ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ನಿಮ್ಮ ಮಗ ಈ ಸುದ್ದಿ ಕೇಳಿ ಮೊದಲು ಆಡಿದ ಮಾತು, "ಮತ್ತ ನನ್ನ ಡಬ್ಬಿ?" ಡಬ್ಬಿ ತಾವೇ ಕಟ್ಟಿಕೊಳ್ಳುವುದನ್ನು ಮೂರು ದಿನಗಳಿಂದ ಕಲಿಸುತ್ತಿದ್ದೇನೆ, ಗ್ರೀಕಿಗಿಂತ ಕಷ್ಟ. ಹಾಗಾದರೆ ಅಡುಗೆಗೆ ಆಳು ಬೇಕಾಗಿ ಅತ್ತೆಯನ್ನು ಕರೆಯುತ್ತಾಳೆ ಎಂದು ಮಂಗಲಕ್ಕ ಹೇಳಬಹುದು. ಹೇಳಲಿ. ಆದರೆ ನೀವು ನಂಬಬೇಡಿ. ನೀವು ಬಂದು ಕೂತರೆ ಸಾಕು, ಮ್ಹೈಸಾಳದ ಕಥೆಯನ್ನು ಮೊದಲಿನಿಂದ ಹೇಳಿ, ಕೊನೆಯ ತನಕ ಹೇಳಿ. ನಾನು ಮಗ್ಗುಲಲ್ಲಿ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂರುತ್ತೇನೆ, ಪ್ರಾಸವನ್ನೂ ಕಟ್ಟುವುದಿಲ್ಲ. ನಿಮ್ಮ ಮಂಚದ ಮೇಲೆ ನಿಮ್ಮ ಮಗ ಹಳದಿಯ ಸ್ಯಾಂಪಲ್ ಚೀಲ ಇಟ್ಟಿದ್ದರು, ತೆಗೆಸಿದ್ದೇನೆ. ಚಾದರ ಮಾತ್ರ ಹಳದಿಯಾಗಿದೆ.

ಮಂಗಲಕ್ಕನಿಗೂ ಮಕ್ಕಳಿಗೂ ನನ್ನ ನೆನಪು ತಿಳಿಸಿ. ಎಮ್ಮೆಗೂ ತಿಳಿಸಿ, ನನ್ನ ಪಾಲಿನ ಬೈಗುಳ ಈಗ ಅದಕ್ಕೇ ಸಿಗುತ್ತಿದೆ. ಕಾಲಿಗೆ ಬಿದ್ದು,

ನಿಮ್ಮ ಸೊಸೆ,
ಶೀತಲ

ತಾ.ಕ.: ಇವತ್ತು ಸಲಗರೆಗೆ ಹೋಗಿ ಬರುವ ಪಾಯಪ್ಪ ಅಣ್ಣ ಈ ಕಾಗದ ಒಯ್ಯಲು ಬಾಗಿಲಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾರೆ, ಅದಕ್ಕೆ ಬೇಗ ಬರೆಯುತ್ತೇನೆ. ಆ ದಿನ ಡಾಕ್ಟರ ಮುಂದೆ ನೀವು "ನಾ ಬಸದಿ ಪಾವಟಿಗಿ ಏರುವಾಗ" ಅಂದಿರಿ. ಮುಂದಿನದನ್ನು ಹೇಳಿದವಳು ನಾನು. ಮೊಳಕಾಲು ಎಂಬುದು ನನ್ನ ಅಂದಾಜು. ಗುರುವಾರದಿಂದ ನನಗೆ ಅನ್ನ ಸೇರುತ್ತಿಲ್ಲ. ಗುರುಶಾಂತವ್ವನ ಪಕ್ಕ ನೀವು ಕೂರುತ್ತಿದ್ದುದು ಹರಟೆಗೋ, ಇಲ್ಲ ಕೂರಲೇಬೇಕಾಗಿತ್ತೋ? ಕೆಳಗೆ ಗೆರೆ ಬಿಟ್ಟಿದ್ದೇನೆ, ಲಕೋಟೆಯಲ್ಲಿ ಪೆನ್ನೂ ಇದೆ. ನೀವೇ ತುಂಬಿ, ಪಾಯಪ್ಪ ಅಣ್ಣನ ಕೈಯಲ್ಲಿ ಇವತ್ತೇ ತಿರುಗಿ ಕಳಿಸಿ, ಅವರಿಗೆ ಹೇಳಿದ್ದೇನೆ. ಬರೆಯುವ ಬದಲು ಅವರ ಹಿಂದೆ ಕೂತು ನೀವೇ ಬಂದರೆ ಇನ್ನೂ ಚಲೋ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ, ಹೊರಗೆ ಮೂವತ್ತಲ್ಲ, ಮುನ್ನೂರು ಜನ ಕಾಯಲಿ. ನೀವು ಹೇಳಿ ಮುಗಿಸುವ ತನಕ ನಾನು ಬಾಯಿ ತೆರೆಯುವುದಿಲ್ಲ.

ನಾ ಬಸದಿ ಪಾವಟಿಗಿ ಏರುವಾಗ ________________