ಗುಲಾಬಿ ಅಂಚಿನ ತಟ್ಟೆಗಳು

ಬ್ಲಿತಾರ್
3 ಸೆಪ್ಟೆಂಬರ್ 2003

ಪ್ರೀತಿಯ ಮುರ್ನಿ ಅಕ್ಕಾ,

ಹೇಗಿದ್ದೀಯ? ಹಾಂಗ್‌ಕಾಂಗಿನಲ್ಲಿ ನೀನು ನೋಡಿಕೊಳ್ಳುವ ಆ ಅಜ್ಜಿ ಈಗಲಾದರೂ ಭಾನುವಾರ ರಜೆ ಕೊಡುತ್ತಾಳೆಯೇ? ನೀರಿನಲ್ಲಿ ಬಿರಿದ ನಿನ್ನ ಕೈ ವಾಸಿಯಾಯಿತೇ? ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ. ನನಗೆ ಕಾಯಿಲೆಯೇನಿಲ್ಲ, ಆದರೆ ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಹೇಸಿಗೆಯಿಂದ, ಅಕ್ಕಾ.

ನಮ್ಮ ಅಂಗಡಿಯ ನೀಲಿ ಪೊಟ್ಟಣದ ಸೋಪುಪುಡಿ ನೆನಪಿದೆಯಲ್ಲ? ಕಂಪನಿಯವರು ಮೊದಲು ಅದರ ಜೊತೆ ಬಾಚಣಿಗೆ ಕೊಟ್ಟರು, ಯಾರೂ ಮೂಸಿ ನೋಡಲಿಲ್ಲ. ಆಮೇಲೆ ಮೈತುಂಬ ತಮ್ಮ ಹೆಸರು ಬರೆದ ಲೋಟ ಕೊಟ್ಟರು. "ನೆಂಟರಿಗೆ ಜಾಹೀರಾತಿನಲ್ಲಿ ಟೀ ಕೊಡ್ಲಾ?" ಎಂದು ಎದುರುಮನೆಯ ಬು ಕಸ್ಮಿನಿ ಅದರಲ್ಲಿ ಹಲ್ಲುಜ್ಜುವ ಬ್ರಷ್ ನಿಲ್ಲಿಸಿದಳು. ಈ ವರ್ಷ ಪೊಟ್ಟಣಕ್ಕೆ ಟೇಪ್ ಹಚ್ಚಿಕೊಂಡು ಬಂದದ್ದು ಗುಲಾಬಿ ಅಂಚಿನ ತಟ್ಟೆ. ಹೆಸರಿಲ್ಲ, ಪ್ರತಿ ಸಲವೂ ಅದೇ ಅಚ್ಚು. ಅಲ್ಲಿಗೆ ನಮ್ಮ ಓಣಿ ಸೋತಿತು. ಯಾರ ಮನೆಯಲ್ಲಿ ಔತಣವಾದರೂ ಹೆಂಗಸರೆಲ್ಲ ತಮ್ಮ ತಟ್ಟೆ ಹೊತ್ತುಕೊಂಡು ಹೋಗಿ ಅಡುಗೆಗೆ ಕೂರುವುದು, ತಳದ ಬಣ್ಣದ ಗುರುತು ನೋಡಿ ಕೊನೆಗೆ ತಂತಮ್ಮದನ್ನು ಆರಿಸಿಕೊಳ್ಳುವುದು ನಿನಗೆ ಗೊತ್ತೇ ಇದೆ. ಒಂದೇ ಥರದ ತಟ್ಟೆಯಲ್ಲಿ ಸಾಲಾಗಿ ಬಡಿಸುವ ಆಸೆ ಯಾರಿಗಿಲ್ಲ? ಒಂದು ಸಿಕ್ಕವಳಿಗೆ ಆರು ಬೇಕು, ಆರು ಸಿಕ್ಕವಳಿಗೆ ಡಜನ್ನು. ಕೊಳೆಯಾಗದ ಬಟ್ಟೆಯನ್ನೂ ಒಗೆದರು. ಬಿಟ್ಟಿ ಸಾಮಾನು ಬಂಡವಾಳಗಾರರ ಗಾಳ ಎಂದು ನಾನು ಸಂಘದಿಂದ ತಂದು ಹಂಚುವ ಕರಪತ್ರಗಳಲ್ಲಿ ಓದಿದ್ದೆ. ಆದರೆ ನಾವು ಒಬ್ಬರಿಗೊಬ್ಬರು ಆಗುವ ಪದ್ಧತಿಯನ್ನೇ ಆ ಗಾಳಕ್ಕೆ ಎರೆಹುಳುವಾಗಿ ಸಿಕ್ಕಿಸಿದ್ದಾರಲ್ಲ ಎಂದು ನನಗೆ ಹೇಸಿಗೆಯಾಯಿತು.

ಜುಲೈನಿಂದ ನಮ್ಮ ಅಂಗಡಿಯಲ್ಲಿ ತಟ್ಟೆಯಿಲ್ಲದ ಪೊಟ್ಟಣಗಳು ಕಾಣತೊಡಗಿದವು. "ಟೇಪ್ ಕಿತ್ತ ಗುರುತಿದೆ, ತಟ್ಟೆಗೆ ಕಾಲು ಬಂದು ನಡ್ಕೊಂಡು ಹೋಯ್ತಾ?" ಎಂದು ಬು ಕಸ್ಮಿನಿ ಕೇಳಿದರೆ ಅಮ್ಮ, "ಸಗಟು ಅಂಗಡಿಯ ಹಾಜಿ ರೊಖಿಮ್ ಗೋದಾಮಲ್ಲೇ ಕಿತ್ಕೊಳ್ತಾರೆ ಕಣಮ್ಮ, ನಾನೇನ್ ಮಾಡ್ಲಿ?" ಎಂದಳು. ಹೆಂಗಸರ ಮುಖ ನೋಡಬೇಕಿತ್ತು. ಬಾಚಣಿಗೆಯನ್ನು ಬಿಸಾಡಿ ಮರೆತವರೇ ಈಗ ಕುದಿಯುತ್ತಿದ್ದರು. "ತಟ್ಟೆ ಮನೆ ಹಾಳಾಗ್ಲಿ! ನಮ್ಮನ್ನ ಪೆದ್ದಿಯರು ಅಂದ್ಕೊಂಡ್ನಲ್ಲ ಅವ್ನು!" ಕೊಡದೇ ಇದ್ದರೆ ಯಾರೂ ಕೇಳುತ್ತಿರಲಿಲ್ಲ. ಕೊಡುತ್ತೇನೆಂದು ಹೇಳಿ ದಾರಿಯಲ್ಲಿ ಕಿತ್ತುಕೊಂಡರೆ ಅದು ಕೆನ್ನೆಗೆ ಹೊಡೆದ ಹಾಗೆ. ನಾನೇ ಭಿತ್ತಿಪತ್ರ ಬರೆದೆ, ನಾನೇ ಹೆಂಗಸರನ್ನು ಮೆರವಣಿಗೆಯಲ್ಲಿ ಕರೆದುಕೊಂಡು ಹೋದೆ, ಹಾಜಿಯವರನ್ನು ಅವರ ಕೆಲಸದವರ ಮುಂದೆಯೇ "ತಟ್ಟೆ ಕಳ್ಳ" ಎಂದು ಕೂಗಿದೆ. ಅವರು ಸಿಟ್ಟಾಗಲಿಲ್ಲ. "ಗೋದಾಮು ನೋಡ್ಕೋ ಮಗಳೇ. ಆಮೇಲೆ ನಿನ್ನ ಮನೇನೂ ಒಂದ್ಸಲ ನೋಡ್ಕೋ" ಎಂದರು. ದುಡ್ಡಿನ ಸೊಕ್ಕು ಎಂದುಕೊಂಡು ಅವರ ಹೊಸ್ತಿಲಿಗೆ ಉಗಿದು ಬಂದೆ.

ಭಾನುವಾರ ಗುಡಿಸುತ್ತಾ ಅಮ್ಮನ ಮಂಚದ ಕೆಳಗೆ ಪೊರಕೆ ಹಾಕಿದೆ. ಪೆಟ್ಟಿಗೆ ಮೇಲೆ ಪೆಟ್ಟಿಗೆ, ಪತ್ರಿಕೆಯಲ್ಲಿ ಸುತ್ತಿಟ್ಟ ಗುಲಾಬಿ ತಟ್ಟೆಗಳು. ಎಲ್ಲದರ ತಳಕ್ಕೂ ನಮ್ಮ ಮನೆಯ ಗುರುತು, ಎರಡು ಕೆಂಪು ಚುಕ್ಕೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ನಿನ್ನ ಅಕ್ಕನ ಮದುವೆಗೆ ಕಣೇ. ಗಂಡಿನ ಕಡೆಯವರ ಮುಂದೆ ಹತ್ತು ಮನೆಯ ಹತ್ತು ಥರದ ತಟ್ಟೆ ಇಡ್ಲಾ? ನಾಲ್ಕು ವರ್ಷ ಅವಳು ಕಂಡವರ ಎಂಜಲು ತಟ್ಟೆ ತೊಳೆದದ್ದು ಸಾಲ್ದಾ?" ಎಂದಳು. ಕಂಪನಿಯ ಮೇಲೆ ಹೇಸಿಗೆ, ಅಮ್ಮನ ಮೇಲೆ ಹೇಸಿಗೆ, ಕೂಗಿದ ನನ್ನ ಗಂಟಲಿನ ಮೇಲೆ ಎಲ್ಲಕ್ಕಿಂತ ಹೆಚ್ಚು. ಅಮ್ಮನಿಗೆ ಇದೊಂದು ಹೊಳೆಯಲೇ ಇಲ್ಲ ನೋಡು: ಈಗ ಓಣಿಯ ಪ್ರತಿ ಮನೆಯಲ್ಲೂ ಇರುವುದು ಅದೇ ಗುಲಾಬಿ ತಟ್ಟೆ. ಬಾಯಿಬಿಟ್ಟು ಕರೆದಿದ್ದರೆ ಸಾಕಿತ್ತು, ನಿನ್ನ ಮದುವೆಗೆ ಒಂದೇ ಥರದ ತಟ್ಟೆಗಳು ತಾವಾಗಿ ಬಂದು ಕೂಡುತ್ತಿದ್ದವು.

ಸೋಮವಾರ ಹಾಜಿಯವರಲ್ಲಿ ಕ್ಷಮೆ ಕೇಳಿದೆ. ಟೀ ಕೊಟ್ಟರು, ಮುಖ ಎತ್ತಿ ನನ್ನನ್ನು ನೋಡಲಿಲ್ಲ. ನೀನು ಆರೋಗ್ಯ ನೋಡಿಕೋ, ಚಳಿ ಬರುವ ಮೊದಲೇ ಊರಿಗೆ ಬಂದುಬಿಡು. ಭಾವನಾಗುವವರಿಗೆ ನನ್ನ ನಮಸ್ಕಾರ. ನಿನ್ನ ಮೇಲೆ ಸದಾ ದೇವರ ಕಣ್ಣಿರಲಿ.

ನಿನ್ನ ತಂಗಿ,
ಪಲುಪಿ

ಮರೆತಿದ್ದು: ಅಂಚೆಗೆ ಹೊರಟವಳು ನಿಂತು ಬರೆಯುತ್ತಿದ್ದೇನೆ. ನಿನ್ನೆ ಅಮ್ಮ ಎಷ್ಟು ಬೇಡವೆಂದರೂ ಕೇಳದೆ ಮನೆಮನೆಗೆ ಹೋಗಿ ನಿಜ ಹೇಳಿ ತಟ್ಟೆಗಳನ್ನು ಕೊಟ್ಟುಬಂದೆ. ಬು ಕಸ್ಮಿನಿ ತನ್ನದನ್ನು ಇಸಿದುಕೊಂಡು, "ಮುರ್ನಿ ಮದುವೆಗೆ ಒಲೆ ಮುಂದೆ ನಾವೇ ಕೂರ್ತೀವಿ. ಆದ್ರೆ ಕರೆಯೋಕೆ ನೀನು ಬಂದ್ರೆ ಆಗಲ್ಲ, ನಿಮ್ಮಮ್ಮ ಬರ್ಬೇಕು. ಬರದಿದ್ರೆ ಓಣಿಯಿಂದ ಒಬ್ಬಳೂ ಬರಲ್ಲ" ಎಂದಳು. ಅಮ್ಮ ಅಂಗಡಿಯ ಬಾಗಿಲು ಹಾಕಿಕೊಂಡು ಮಲಗಿದ್ದಾಳೆ, ಮದುವೆಯೇ ಬೇಡ ಅನ್ನುತ್ತಾಳೆ. ಈ ಕಾಗದ ಕೈಸೇರಿದ ದಿನವೇ ಫೋನ್ ಮಾಡಿ, ಹೋಗಿ ಕರೆದು ಬಾ ಎಂದು ಅಮ್ಮನಿಗೆ ನೀನೇ ಹೇಳು. ನಾನು ಹೇಳಿದರೆ ಭಾಷಣ ಅನ್ನುತ್ತಾಳೆ.